ಟ್ರೆಡ್‌ಮಿಲ್ ಮೊದಲಾ, ಬಟ್ಟೆ ಒಗೆಯೋ ಜಾಗ ಮೊದಲಾ?

1/6
ಕಳೆದ ವಾರ ನಮ್ಮ ಬಾಡಿಗೆ ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಓನರ್ ಒಂದು ಪೋಲ್ ಹಾಕಿದ್ರು. ಹೊಸ ಬಿಲ್ಡಿಂಗ್, ಕೆಳಗಡೆ ಒಂದು ಹಾಲ್ ಖಾಲಿ ಇದೆ. ಟ್ರೆಡ್‌ಮಿಲ್ ಬೇಕಾ, ಟೇಬಲ್ ಟೆನಿಸ್ ಬೇಕಾ? ನಾನು ಟ್ರೆಡ್‌ಮಿಲ್‌ಗೆ ಒತ್ತಿದೆ. ಪಕ್ಕದಲ್ಲಿದ್ದ ಅಮ್ಮ, "ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೆ ಜಾಗ ಕೊಟ್ರೆ ಸಾಕಿತ್ತು" ಅಂದ್ರು. ನಾನು ನಕ್ಕುಬಿಟ್ಟೆ. ಆಮೇಲೆ ವಿಯೆನ್ನಾ ಕಥೆ ಓದಿದೆ.

2/6
ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ, ಸುಮಾರು ನೂರು ವರ್ಷದ ಹಿಂದೆ. ಕಾರ್ಮಿಕರು ಇದ್ದ ಬಾಡಿಗೆ ಮನೆಗಳಲ್ಲಿ ಹೆಚ್ಚಿನವಕ್ಕೆ ಒಳಗೆ ನೀರೇ ಇಲ್ಲ. ಕಾರಿಡಾರ್‌ನಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಅದಕ್ಕೆ 'ಬಸ್ಸೇನಾ' ಅಂತ ಹೆಸರು. ಟಾಯ್ಲೆಟ್ಟೂ ಹೊರಗೇ. ಮೊದಲ ಮಹಾಯುದ್ಧ ಮುಗಿದ ಮೇಲೆ ನಗರಸಭೆ ಸಮಾಜವಾದಿಗಳ ಕೈಗೆ ಬಂತು. ಬಾಡಿಗೆ ಮನೆಗಳನ್ನು ನಾವೇ ಕಟ್ತೀವಿ ಅಂತ ಹೊರಟರು.

3/6
ಬಿಕಾಂ ಓದೋರಿಗೆ ಮೊದಲು ಬರೋ ಪ್ರಶ್ನೆ: ದುಡ್ಡು ಎಲ್ಲಿಂದ? ಹಣಕಾಸು ನೋಡಿಕೊಳ್ತಿದ್ದವರು ಹ್ಯೂಗೋ ಬ್ರೈಟ್ನರ್. 1923ರಲ್ಲಿ ವಸತಿ ನಿರ್ಮಾಣ ತೆರಿಗೆ ತಂದರು. ಚಿಕ್ಕ ಮನೆಗೆ ತುಂಬಾ ಕಡಿಮೆ, ಬಂಗಲೆಗೆ ಜಾಸ್ತಿ. ಅತಿ ದುಬಾರಿಯಾದ ಶೇ. 0.5ರಷ್ಟು ಆಸ್ತಿಗಳಿಂದಲೇ ಈ ತೆರಿಗೆಯ ಸುಮಾರು ಶೇ. 45 ಬರ್ತಿತ್ತು. ಕಟ್ಟಿದ ಖರ್ಚನ್ನು ಬಾಡಿಗೆಯಿಂದ ವಾಪಸ್ ತೆಗೆಯೋ ಲೆಕ್ಕವೇ ಇರಲಿಲ್ಲ. ಬಾಡಿಗೆ ಅನ್ನೋದು ನಿರ್ವಹಣೆಗೆ ಮಾತ್ರ.

4/6
ಹೀಗೆ ಎದ್ದ ಕಟ್ಟಡಗಳಲ್ಲಿ ಹೆಸರಾಂತದ್ದು ಕಾರ್ಲ್ ಮಾರ್ಕ್ಸ್ ಹೋಫ್. ವಾಸ್ತುಶಿಲ್ಪಿ ಕಾರ್ಲ್ ಎಹ್ನ್. 1930ರಲ್ಲಿ ಉದ್ಘಾಟನೆ. ಒಂದು ಕಿಲೋಮೀಟರ್‌ಗಿಂತ ಉದ್ದ, 1,382 ಮನೆ! ಆದ್ರೂ ಒಟ್ಟು ಜಾಗದಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಕಟ್ಟಡ. ಉಳಿದದ್ದು ತೋಟ, ಅಂಗಳ. ಮನೆಗಳು ಚಿಕ್ಕವು. ನೀರು, ಟಾಯ್ಲೆಟ್ ಒಳಗೇ ಬಂತು, ಆದ್ರೆ ಬಚ್ಚಲುಮನೆ ಇಲ್ಲ.

5/6
ಮನೆಯೊಳಗೆ ಹಿಡಿಸದೇ ಇದ್ದದ್ದೆಲ್ಲ ಕಾಮನ್ ಜಾಗಕ್ಕೆ ಬಂತು. ಎರಡು ದೊಡ್ಡ ಲಾಂಡ್ರಿ, ಎರಡು ಸ್ನಾನಗೃಹ, ಶಿಶುವಿಹಾರ, ಲೈಬ್ರರಿ, ಹಲ್ಲಿನ ಕ್ಲಿನಿಕ್. ಲಾಂಡ್ರಿಯಲ್ಲಿ ಒಗೆಯೋಕೆ, ಒಣಗಿಸೋಕೆ ಮಷೀನ್. ದಿನಗಟ್ಟಲೆ ಹಿಡಿಯೋ ಕೆಲಸ ಕೆಲವೇ ಗಂಟೆಗಳಲ್ಲಿ ಮುಗೀತಿತ್ತು. ಆದ್ರೆ ಒಂದು ಮಾತು. ಅಲ್ಲಿನ ಸಿಬ್ಬಂದಿ ಬಿಟ್ರೆ ಗಂಡಸರಿಗೆ ಒಳಗೆ ಪ್ರವೇಶ ಇರಲಿಲ್ಲ. ಮಷೀನ್ ಹೊಸದು, ಒಗೆಯೋರು ಮಾತ್ರ ಮತ್ತೆ ಹೆಂಗಸರೇ.

6/6
1934ರ ಫೆಬ್ರವರಿಯಲ್ಲಿ ಅಂತರ್ಯುದ್ಧ. ಸರ್ಕಾರದ ಸೇನೆ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಸಮಾಜವಾದಿ ನಗರಸಭೆ ಅಲ್ಲಿಗೆ ಮುಗೀತು. ಕಟ್ಟಡ ಉಳೀತು. ಇವತ್ತಿಗೂ ಜನ ಅಲ್ಲಿ ಬಾಡಿಗೆಗಿದ್ದಾರೆ. ಹಳೇ ಲಾಂಡ್ರಿ ಕಟ್ಟಡ ಒಂದರಲ್ಲಿ ಈಗ ಆ ಕಾಲದ ಮ್ಯೂಸಿಯಂ ಇದೆ.

ನಮ್ಮ ಓನರ್ ನಗರಸಭೆ ಅಲ್ಲ, ಗೊತ್ತು. ಹಾಲ್‌ಗೆ ಹಾಕೋ ದುಡ್ಡು ನಾಳೆ ನಮ್ಮ ಬಾಡಿಗೆಯಲ್ಲೇ ಬರುತ್ತೆ. ಹಾಗಿದ್ದ ಮೇಲೆ ಕೇಳಬೇಕಾದ್ದು ಒಂದೇ: ಬ್ರೋಷರ್‌ನಲ್ಲಿ ಏನು ಚೆನ್ನಾಗಿ ಕಾಣುತ್ತೆ ಅಂತಲ್ಲ, ನಮ್ಮ ಮನೆಯೊಳಗೆ ಏನು ಹಿಡಿಸ್ತಿಲ್ಲ ಅಂತ.

ಪೋಲ್‌ನಲ್ಲಿ ನನ್ನ ವೋಟ್ ತೆಗೆದೆ. "ಬಟ್ಟೆ ಒಣಗಿಸೋ ಜಾಗ" ಅಂತ ಗ್ರೂಪ್‌ನಲ್ಲಿ ಬರೆದೆ. ಐದು ನಿಮಿಷದಲ್ಲಿ ಮೂರು ಆಂಟಿಯರು ಥಂಬ್ಸ್ ಅಪ್ ಹಾಕಿದ್ರು. ಒಣಗಿಸೋಕೆ ಹೋಗೋದು ಯಾರು ಅಂತ ಅಮ್ಮ ಕೇಳಿದ್ರು. ಭಾನುವಾರ ನಾನು ಅಂದಿದ್ದೀನಿ.

ನಿಮ್ಮ ಮನೆಯೊಳಗೆ ಹಿಡಿಸದೇ ಇರೋದು ಏನು? ಕಾಮೆಂಟ್ ಮಾಡಿ.