ಎಂಟನೇ ಹನಿ: ಡ್ರೂಪಲ್ ತನ್ನ ಮನೆಯನ್ನು ಕೆಡವಿ ಕಟ್ಟಿದ ಕಥೆ

ಹರಿ ಪ್ರಸಾದ್ ನಾಡಿಗರು 2005ರಲ್ಲಿ ಶುರು ಮಾಡಿದ 'ಸಂಪದ'ದಲ್ಲಿ ಬರೆದವರು, ಓದಿದವರು, ಜಗಳವಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದೀವಿ. ಆ ಪುಟಗಳ ಹಿಂದೆ ದುಡಿಯುತ್ತಿದ್ದ ತಂತ್ರಾಂಶದ ಹೆಸರು ಡ್ರೂಪಲ್ ಅನ್ನೋದು ಮಾತ್ರ ಕೆಲವರಿಗಷ್ಟೇ ಗೊತ್ತಿತ್ತು. ಬರಹ ಸೇರಿಸೋದು, ಪ್ರತಿಕ್ರಿಯೆ ಜೋಡಿಸೋದು, ಸದಸ್ಯರ ಲಾಗಿನ್ ನೋಡಿಕೊಳ್ಳೋದು ಎಲ್ಲಾ ಅದರದೇ ಕೆಲಸ. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ತಿದ್ದಬಹುದು.

ಈ ಡ್ರೂಪಲ್‌ನ ಎಂಟನೇ ಆವೃತ್ತಿಗೆ ಯೋಜನೆ ಹಾಕಿದ್ದು, ಆ ಯೋಜನೆ ಜಾರಿದ್ದು, ಕೊನೆಗೆ ಅದು ಯಾರಿಗೆ ಒಳ್ಳೇದಾಯ್ತು, ಯಾರಿಗೆ ದುಬಾರಿಯಾಯ್ತು ಅನ್ನೋದು ಒಂದು ಒಳ್ಳೆಯ ಇತಿಹಾಸ. ಕೋಡ್ ಬರೆಯದವರೂ ಓದಬಹುದು.

ಮೊದಲು ಸ್ವಲ್ಪ ಹಿನ್ನೆಲೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ ಡ್ರೀಸ್ ಬೈಟಾರ್ಟ್ ಮತ್ತು ಹಾನ್ಸ್ ಸ್ನೈಡರ್ ಅನ್ನೋ ಇಬ್ಬರು ವಿದ್ಯಾರ್ಥಿಗಳು. 2000ದಲ್ಲಿ ಹಾಸ್ಟೆಲಿನ ಎಂಟು ಜನ ಒಂದೇ ಇಂಟರ್ನೆಟ್ ಸಂಪರ್ಕ ಹಂಚಿಕೊಳ್ಳುತ್ತಿದ್ದರು. ತಮ್ಮತಮ್ಮಲ್ಲೇ ಸುದ್ದಿ ಹಂಚಿಕೊಳ್ಳೋಕೆ ಡ್ರೀಸ್ ಒಂದು ಪುಟ್ಟ ಜಾಲತಾಣ ಬರೆದ. ಆಮೇಲೆ ಅದಕ್ಕೊಂದು ವಿಳಾಸ ಬೇಕಾಯ್ತು. ಡಚ್ ಭಾಷೆಯಲ್ಲಿ ಹಳ್ಳಿ ಅನ್ನೋದಕ್ಕೆ 'ಡಾರ್ಪ್' ಅಂತಾರೆ. ಅದನ್ನು ಟೈಪ್ ಮಾಡೋವಾಗ ಬೆರಳು ತಪ್ಪಿ 'ಡ್ರಾಪ್' ಆಯ್ತು! ಹಳ್ಳಿ ಹೋಗಿ ಹನಿ ಬಂತು. 2001ರ ಜನವರಿಯಲ್ಲಿ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ, ಡಚ್ಚಿನಲ್ಲಿ ಹನಿ ಅನ್ನೋ ಅರ್ಥದ 'ಡ್ರುಪ್ಪೆಲ್' ಪದದಿಂದ 'ಡ್ರೂಪಲ್' ಅನ್ನೋ ಹೆಸರು ಹುಟ್ಟಿತು.

ಈ ತಂಡಕ್ಕೆ ಮೊದಲಿನಿಂದಲೂ ಒಂದು ನಿಯಮ ಇತ್ತು. ದೊಡ್ಡ ಆವೃತ್ತಿ ಬಂದಾಗ ನಿಮ್ಮ ಬರಹಗಳನ್ನು ಹೊಸದಕ್ಕೆ ದಾಟಿಸೋ ದಾರಿ ಮಾಡಿಕೊಡ್ತೀವಿ. ಆದರೆ ಹಳೆಯ ಕೋಡ್ ಹೊಸದರಲ್ಲಿ ನಡೆಯುತ್ತೆ ಅನ್ನೋ ಭರವಸೆ ಮಾತ್ರ ಕೊಡಲ್ಲ. ಮನೆ ಬದಲಾಯಿಸುವಾಗ ಪಾತ್ರೆ ಪಗಡ ತರಬಹುದು, ಗೋಡೆಗೆ ಹೊಡೆದ ಮೊಳೆ ತರೋಕಾಗಲ್ಲ, ಹಾಗೆ. ಇದರಿಂದ ಒಳಗಿನ ಕೋಡ್ ಹಳಸಲಿಲ್ಲ. ಐದನೆಯದು 2007ರ ಜನವರಿಯಲ್ಲಿ, ಆರನೆಯದು 2008ರ ಫೆಬ್ರವರಿಯಲ್ಲಿ ಬಂದವು. ಏಳನೆಯದಕ್ಕೆ ಮಾತ್ರ ಸುಮಾರು ಮೂರು ವರ್ಷ ಹಿಡಿದು, 2011ರ ಜನವರಿ 5ರಂದು ಹೊರಬಂತು.

ಎರಡೇ ತಿಂಗಳಿಗೆ, ಮಾರ್ಚಿನಲ್ಲಿ, ಶಿಕಾಗೋದ ಸಮ್ಮೇಳನದಲ್ಲಿ ಡ್ರೀಸ್ ಎಂಟನೆಯದರ ಮಾತು ತೆಗೆದರು. ಈ ಸಲ ಕೆಲಸವನ್ನು ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಮುಂದಾಳು ಅಂತ ತೀರ್ಮಾನವಾಯ್ತು. ಸೈಟಿನ ಸೆಟ್ಟಿಂಗುಗಳನ್ನೆಲ್ಲ ಡೇಟಾಬೇಸಿನಿಂದ ಬಿಡಿಸಿ ಕಡತಗಳಲ್ಲಿ ಇಡೋ ಕೆಲಸ ಗ್ರೆಗ್ ಡನ್‌ಲಪ್‌ಗೆ. ಬೇರೆ ತಂತ್ರಾಂಶಗಳ ಜೊತೆ ಮಾತಾಡೋ ಹಾಗೆ ಮಾಡೋದು ಲ್ಯಾರಿ ಗಾರ್ಫೀಲ್ಡ್‌ಗೆ. ಬಹುಭಾಷೆಯ ಹೊಣೆ ಹಂಗೇರಿಯ ಗಾಬೊರ್ ಹೊಯ್ಚಿಗೆ. ಜೊತೆಗೊಂದು ಕಟ್ಟುಪಾಡು: ಗಂಭೀರ ದೋಷಗಳು 15ಕ್ಕಿಂತ ಹೆಚ್ಚಾದರೆ ಹೊಸ ಸೌಲಭ್ಯ ಸೇರಿಸೋದು ಬಂದ್. ಮೊದಲು ರಿಪೇರಿ, ಆಮೇಲೆ ಅಲಂಕಾರ.

ಕಾಗದದ ಮೇಲೆ ಚೆನ್ನಾಗೇ ಇತ್ತು. ಹೊಸ ಸೌಲಭ್ಯಗಳಿಗೆ 2012ರ ಡಿಸೆಂಬರ್ 1 ಕೊನೇ ದಿನ, ಬಿಡುಗಡೆ 2013ರಲ್ಲಿ ಅನ್ನೋ ಲೆಕ್ಕ. ಬಿಡುಗಡೆಯಾದದ್ದು 2015ರ ನವೆಂಬರ್ 19ಕ್ಕೆ!

ಯಾಕೆ ಇಷ್ಟು ತಡ? ಮುಖ್ಯ ಕಾರಣ, ನಡುದಾರಿಯಲ್ಲಿ ಯೋಜನೆಯೇ ಬೆಳೆಯಿತು. ಲ್ಯಾರಿ ಗಾರ್ಫೀಲ್ಡ್ ತಂಡಕ್ಕೆ ಬೇಕಾಗಿದ್ದ ತಳಪಾಯ 'ಸಿಂಫನಿ' ಅನ್ನೋ ಇನ್ನೊಂದು ಮುಕ್ತ ಯೋಜನೆಯಲ್ಲಿ ಆಗಲೇ ಸಿದ್ಧವಿತ್ತು. ಎಲ್ಲವನ್ನೂ ನಾವೇ ಯಾಕೆ ಬರೆಯಬೇಕು, ಅವರದ್ದನ್ನೇ ಬಳಸೋಣ ಅಂತಾಯ್ತು. ಮಾತು ಸರಿಯೇ. ಆದರೆ ತಳಪಾಯ ಬದಲಾದರೆ ಗೋಡೆ ಹಾಗೇ ನಿಲ್ಲುತ್ತಾ? ಒಂದು ಕಡೆ ಸಿಂಫನಿಯ ರೀತಿ, ಇನ್ನೊಂದು ಕಡೆ ಹಳೇ ಡ್ರೂಪಲ್ ರೀತಿ. ಎರಡನ್ನೂ ಒಂದು ಮಾಡುವಷ್ಟರಲ್ಲಿ ಬಹುಪಾಲು ಕೋಡ್ ಹೊಸದಾಗಿ ಬರೆದಂತಾಯ್ತು. 2014ರ ಅಕ್ಟೋಬರಿನಲ್ಲಿ ಮೊದಲ ಬೀಟಾ ಬಂದಾಗಲೂ ಗಂಭೀರ ದೋಷಗಳು ನೂರರ ಮೇಲೆ ಇದ್ದವು. ಅವನ್ನು ಬಗೆಹರಿಸುವವರಿಗೆ ನೆರವಾಗಲು ಡ್ರೂಪಲ್ ಅಸೋಸಿಯೇಷನ್ ಎರಡೂವರೆ ಲಕ್ಷ ಡಾಲರ್ ಗುರಿ ಇಟ್ಟುಕೊಂಡು ನಿಧಿ ತೆರೆಯಬೇಕಾಯ್ತು. ಮೂರು ಸಾವಿರಕ್ಕೂ ಹೆಚ್ಚು ಜನರ ಕೈ ಸೇರಿ ತೇರು ಮನೆ ಮುಟ್ಟಿತು.

ಅಷ್ಟರಲ್ಲಿ ಮನೆಯಲ್ಲಿ ಪಾಲೂ ಆಗಿತ್ತು. ಹಳೇ ಡ್ರೂಪಲ್‌ನಲ್ಲಿ ಒಂದಿಷ್ಟು ಪಿಎಚ್‌ಪಿ ಗೊತ್ತಿದ್ದವರು ನೋಡಿ ನೋಡಿಯೇ ಕಲಿಯಬಹುದಿತ್ತು. ಹೊಸದಕ್ಕೆ ವೃತ್ತಿಪರ ಪ್ರೋಗ್ರಾಮರನ ತಯಾರಿ ಬೇಕಾಯ್ತು. ಸಣ್ಣ ಸಂಸ್ಥೆಗಳು, ಶಾಲೆಗಳು, ಬಿಡುವಿನಲ್ಲಿ ಸೈಟು ನಡೆಸುವವರು ಏನು ಮಾಡಬೇಕು? ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ನೇಟ್ ಹೌಗ್ ಮತ್ತು ಜೆನ್ ಲ್ಯಾಂಪ್ಟನ್ 2013ರಲ್ಲಿ ಏಳನೇ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು 'ಬ್ಯಾಕ್‌ಡ್ರಾಪ್' ಅಂತ ಬೇರೆ ಒಲೆ ಹೂಡಿದರು. ಅದರ ಮೊದಲ ಆವೃತ್ತಿ 2015ರ ಜನವರಿ 15ಕ್ಕೆ ಬಂತು, ಡ್ರೂಪಲ್ 8ಕ್ಕಿಂತ ಹತ್ತು ತಿಂಗಳು ಮೊದಲು. ಸೆಟ್ಟಿಂಗುಗಳನ್ನು ಕಡತದಲ್ಲಿಡೋ ಎಂಟನೆಯದರ ಒಳ್ಳೆಯ ಆಲೋಚನೆಯನ್ನು ಅವರೂ ತೆಗೆದುಕೊಂಡರು ಅನ್ನೋದು ಗಮನಿಸಬೇಕಾದ ಮಾತು.

ಈಗ ನಮಗೆ ತಟ್ಟುವ ವಿಷಯಕ್ಕೆ ಬರ್ತೀನಿ. ಏಳನೇ ಆವೃತ್ತಿಯವರೆಗೂ ಡ್ರೂಪಲ್‌ನ ಒಳಗೆ ಇಂಗ್ಲಿಷಿಗೆ ವಿಶೇಷ ಸ್ಥಾನ. ಸೈಟನ್ನು ಪೂರ್ತಿ ಕನ್ನಡದಲ್ಲಿ ನಡೆಸಿದರೂ ಇಂಗ್ಲಿಷನ್ನು ಪಟ್ಟಿಯಿಂದ ತೆಗೆಯೋ ಹಾಗಿರಲಿಲ್ಲ. ಸೈಟಿನ ಹೆಸರು, ಮೆನುಗಳನ್ನು ಎರಡು ಭಾಷೆಯಲ್ಲಿ ತೋರಿಸಬೇಕಾದರೆ ಬೇರೆ ಬೇರೆ ಮಾಡ್ಯೂಲುಗಳನ್ನು ತಂದು ತೇಪೆ ಹಾಕಬೇಕಿತ್ತು. ಗಾಬೊರ್ ತಂಡ ಇದನ್ನು ಬುಡದಿಂದಲೇ ಸರಿಮಾಡಿತು. ಎಂಟರಲ್ಲಿ ಅನುಸ್ಥಾಪನೆಯ ಮೊದಲ ಪ್ರಶ್ನೆಯೇ 'ನಿಮ್ಮ ಭಾಷೆ ಯಾವುದು?' ಕನ್ನಡ ಆರಿಸಿದರೆ ಸ್ವಯಂಸೇವಕರು ಮಾಡಿಟ್ಟ ಅನುವಾದ ಎಷ್ಟಿದೆಯೋ ಅಷ್ಟು ತಾನಾಗೇ ಇಳಿಯುತ್ತೆ. ಇಂಗ್ಲಿಷ್ ಬೇಡ ಅಂದರೆ ಬೇಡ.

ವಿಪರ್ಯಾಸ ಅಂದ್ರೆ ಇದೇ ನೋಡಿ. ಯಾವ ಆವೃತ್ತಿಯಲ್ಲಿ ಕನ್ನಡದಂಥ ಭಾಷೆಗಳಿಗೆ ಸಮನಾದ ಮಣೆ ಸಿಕ್ಕಿತೋ, ಅದೇ ಆವೃತ್ತಿಯನ್ನು ನಡೆಸೋದು ಕನ್ನಡದಂಥ ಭಾಷೆಗಳ ಸೈಟುಗಳಿಗೆ ಕಷ್ಟವಾಯ್ತು. ಇಂಥ ಸೈಟುಗಳ ಹಿಂದೆ ಬಹಳ ಸಲ ಕಂಪನಿ ಇರಲ್ಲ; ರಾತ್ರಿ ಊಟ ಮುಗಿಸಿ ಕೂರುವ ಒಬ್ಬಿಬ್ಬರು ಇರ್ತಾರೆ. ಹೆಚ್ಚು ಮೆಮೊರಿಯ ಸರ್ವರ್, ಕಮಾಂಡ್ ಲೈನ್, ಹೊಸದಾಗಿ ಬರೆಯಬೇಕಾದ ಥೀಮು... ಅವರು ಎಲ್ಲಿಂದ ತರಬೇಕು? ಊಟದ ಎಲೆ ಹಾಕಿದರು, ಛತ್ರ ಮಾತ್ರ ಊರಾಚೆ.

ತಂಡ ಇದರಿಂದ ಪಾಠ ಕಲಿಯಲಿಲ್ಲ ಅನ್ನೋ ಹಾಗಿಲ್ಲ. ಎಂಟರ ನಂತರ 'ಎಲ್ಲಾ ಕೆಡವಿ ಕಟ್ಟೋಣ' ಅನ್ನೋ ಪದ್ಧತಿಯನ್ನೇ ಬಿಟ್ಟರು. ಆರು ತಿಂಗಳಿಗೊಮ್ಮೆ ಸಣ್ಣ ಬಿಡುಗಡೆ, ಅದರಲ್ಲೇ ಹೊಸ ಸೌಲಭ್ಯ. ತೆಗೆಯಬೇಕಾದ ಹಳೇ ಕೋಡಿಗೆ ಮೊದಲೇ ಗುರುತು ಹಾಕಿಡೋದು, ಮುಂದಿನ ದೊಡ್ಡ ಆವೃತ್ತಿಯಲ್ಲಿ ಅದನ್ನಷ್ಟೇ ತೆಗೆಯೋದು. 2020ರ ಜೂನಿನಲ್ಲಿ ಒಂಬತ್ತನೆಯದು ಹಾಗೇ ಬಂತು, ಸದ್ದಿಲ್ಲದೆ. ಅಂದರೆ ಆ ಮಹಾಯೋಜನೆಯ ಅತಿ ದೊಡ್ಡ ಫಲ, ಅಂಥ ಮಹಾಯೋಜನೆ ಮತ್ತೆ ಬೇಡ ಅನ್ನೋ ಬುದ್ಧಿ!

ಹಳಬರು ಮಾತ್ರ ಏಳನ್ನು ಬಿಡಲಿಲ್ಲ. ಎಂಟಕ್ಕೆ ಬೆಂಬಲ 2021ರ ನವೆಂಬರಿನಲ್ಲೇ ಮುಗಿಯಿತು. ಅದಕ್ಕಿಂತ ಹಿರಿಯದಾದ ಏಳರ ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2025ರ ಜನವರಿ 5ಕ್ಕೆ, ಹುಟ್ಟಿದ ದಿನದಿಂದ ಸರಿಯಾಗಿ 14 ವರ್ಷಕ್ಕೆ, ಬೀಳ್ಕೊಟ್ಟರು. ಅದೇ ತಿಂಗಳ 15ಕ್ಕೆ, ಕೋಡ್ ಬರೆಯದವರಿಗಾಗಿಯೇ ರೂಪಿಸಿದ 'ಡ್ರೂಪಲ್ ಸಿಎಂಎಸ್' ಬಿಡುಗಡೆಯಾಯ್ತು. ದಾರಿಯಲ್ಲಿ ಬಿಟ್ಟುಬಂದವರು ಕೊನೆಗೂ ನೆನಪಾದರು ಅನ್ನಿ.

ತಂತ್ರಾಂಶದ ಯೋಜನೆ ಹಾಕುವವರ ಮುಂದೆ ಯಾವಾಗಲೂ ಜೋರಾಗಿ ಮಾತಾಡೋದು ದೊಡ್ಡ ಗಿರಾಕಿಗಳು. ಎರಡು ಸಾವಿರ ಕವನ, ಹರಟೆ, ಊರ ನೆನಪುಗಳನ್ನು ಹೊತ್ತ ಒಂದು ಸಣ್ಣ ಸೈಟು ಹೊಸ ಆವೃತ್ತಿಗೆ ದಾಟಲಾರದೆ ಒಂದು ದಿನ ನಿಂತುಹೋದರೆ ಯಾವ ದೋಷಪಟ್ಟಿಯಲ್ಲೂ ಅದು ದಾಖಲಾಗಲ್ಲ. ಹಾಗಾಗಿ ನಮ್ಮ ಕೈಲಿರೋದು ಒಂದೇ: ಬರೆದದ್ದರ ಪ್ರತಿಯನ್ನು ನಮ್ಮ ಹತ್ತಿರವೂ ಇಟ್ಟುಕೊಳ್ಳೋದು. ನಿಮ್ಮ ಬರಹಗಳು ಈಗ ಎಲ್ಲೆಲ್ಲಿವೆ, ಎಷ್ಟು ಉಳಿದಿವೆ? ಒಮ್ಮೆ ನೋಡಿ ಹೇಳಿ.