ಕಿದ್ವಾಯಿಯಿಂದ ಬದುಕಿ ಬಂದವರು

ನಮ್ಮ ಚಿಕ್ಕಂದಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಕಿದ್ವಾಯಿಗೆ ಕರಕೊಂಡು ಹೋದ್ರಂತೆ’ ಎಂದರೆ ಸಾಕು, ಕೇಳಿದವರು ಮುಂದೆ ಪ್ರಶ್ನೆ ಮಾಡುತ್ತಿರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಮಂತ್ರಿ ರಫಿ ಅಹ್ಮದ್ ಕಿದ್ವಾಯಿ (1894-1954) ಅವರ ನೆನಪಿನಲ್ಲಿ ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಬಾರಾಬಂಕಿಯ ಆ ದೊಡ್ಡ ಮನುಷ್ಯನ ಹೆಸರು ಮಲೆನಾಡಿನಲ್ಲಿ ಕಾಯಿಲೆಯ ಹೆಸರಾಗಿ ಉಳಿದದ್ದು ವಿಚಿತ್ರ. ಹೋದವರಲ್ಲಿ ಅನೇಕರು ಮರಳಲಿಲ್ಲ ಎಂಬುದು ನಿಜ. ಅವರು ಹೋದದ್ದೇ ತಡವಾಗಿ ಎಂಬುದೂ ಅಷ್ಟೇ ನಿಜ.

ಆದರೆ ಅದೇ ದಶಕದಲ್ಲಿ ಒಂದು ಕ್ಯಾನ್ಸರಿನ ಹಣೆಬರಹವೇ ತಿರುಗಿಬಿಟ್ಟಿತ್ತು. ಅದು ವೃಷಣದ ಕ್ಯಾನ್ಸರ್. ಭಾರತದಲ್ಲಿ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗೂ ಬಾರದ ಅಪರೂಪದ ಕಾಯಿಲೆ. ಆದರೆ ಅದು ಹೆಚ್ಚಾಗಿ ಹಿಡಿಯುವುದು 15ರಿಂದ 40ರ ಪ್ರಾಯದವರನ್ನು; ಮದುವೆಯಾಗಬೇಕಾದವರನ್ನು, ಆಗಷ್ಟೇ ಸಂಸಾರ ಹೂಡಿದವರನ್ನು. ದೇಹದೊಳಗೆ ಹರಡಿದ ಮೇಲೆ ಹತ್ತು ಜನರಲ್ಲಿ ಒಬ್ಬ ಉಳಿಯುವುದೂ ಆಗ ಕಷ್ಟವಿತ್ತು.

ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಅಮೆರಿಕದ ಮಿಷಿಗನ್ನಿನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ ಏನು ಮಾಡುತ್ತದೆಂದು ನೋಡಲು ಹೊರಟಿದ್ದರು. ಜೀವಕೋಶಗಳು ಒಡೆದು ಎರಡಾಗುವ ಬದಲು ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ ಅಲ್ಲ, ತಂತಿಯ ತುದಿಯಿಂದ ಕರಗಿ ಬಂದ ಪ್ಲಾಟಿನಂ. 1965ರಲ್ಲಿ ಪ್ರಕಟವಾದ ಈ ಸಂಗತಿಯಿಂದ ಸಿಸ್‌ಪ್ಲಾಟಿನ್ ಎಂಬ ಔಷಧ ಬಂತು. 1974ರಲ್ಲಿ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆರಡು ಔಷಧಗಳ ಜೊತೆ ಕೊಟ್ಟರು. ಸಾವಿನ ಅಂಚಿನಲ್ಲಿದ್ದ ಜಾನ್ ಕ್ಲೀಲ್ಯಾಂಡ್ ಎಂಬ ತರುಣ ಗುಣವಾಗಿ, ಶಾಲೆಯಲ್ಲಿ ಮೇಷ್ಟರಾಗಿ, ಮಕ್ಕಳ ತಂದೆಯೂ ಆದ. ಇಂದು ಕಾಯಿಲೆ ಹರಡಿದವರಲ್ಲೂ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಗುಣವಾಗುತ್ತಾರೆ; ಹರಡದೆ ಇದ್ದಾಗಲೇ ಬಂದವರಲ್ಲಿ ಬಹುತೇಕ ಎಲ್ಲರೂ. ಸೈಕಲ್ ಪಟು ಲಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ಅದು ಮೆದುಳಿಗೇ ಏರಿತ್ತು. ಉದ್ದೀಪನ ಮದ್ದಿನ ಹಗರಣದಲ್ಲಿ 2012ರಲ್ಲಿ ಅವನ ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳೆಲ್ಲ ಹೋದವು. ಪ್ರಾಣ ಮಾತ್ರ ಉಳಿಯಿತು!

ಐನ್‌ಹಾರ್ನ್ ಬಳಸಿದ ಇನ್ನೊಂದು ಔಷಧ ವಿನ್‌ಬ್ಲಾಸ್ಟಿನ್. 1958ರಲ್ಲಿ ಕೆನಡಾದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು ನಿತ್ಯಕಲ್ಯಾಣಿ ಗಿಡದಿಂದ. ನಮ್ಮ ಖಬರಸ್ತಾನಗಳಲ್ಲಿ ಗೋರಿಗಳ ಪಕ್ಕ ಯಾರೂ ನೀರೆರೆಯದೆ ಹೂ ಬಿಡುವ ಅದೇ ಸದಾಬಹಾರ್. (ಓದಿದವರು ಎಲೆ ಕಿತ್ತು ಅಗಿಯುವುದು ಬೇಡ, ಅದು ವಿಷ.) ಮುಂದೆ ಅದರ ಜಾಗಕ್ಕೆ ಎಟೊಪೊಸೈಡ್ ಬಂತು.

ಇಷ್ಟೆಲ್ಲ ಇದ್ದೂ ನಮ್ಮ ಹುಡುಗರು ತಡಮಾಡುವುದೇಕೆ? ಮೊದಲು ಕಾಣುವುದು ನೋವಿಲ್ಲದ ಒಂದು ಗಟ್ಟಿ ಗಂಟು. ನೋವಿಲ್ಲದ್ದನ್ನು ಯಾರಿಗೆ ಹೇಳುವುದು, ಯಾವ ಮಾತಿನಲ್ಲಿ? ಆ ಅಂಗಕ್ಕೆ ಕನ್ನಡದಲ್ಲಾಗಲಿ ನಮ್ಮ ಮನೆಯ ಉರ್ದುವಿನಲ್ಲಾಗಲಿ ಬೈಗುಳದ ಪದ ಬಿಟ್ಟರೆ ಪುಸ್ತಕದ ಪದ. ಅಮ್ಮನ ಮುಂದೆ ಆಡುವ ಪದವಿಲ್ಲ. ಮದರಸಾದಲ್ಲಿ ಉಸ್ತಾದರು ತಹಾರತ್, ಗುಸ್ಲ್‌ಗಳ ಮಸಲೆಗಳನ್ನು ಯಾವ ಮುಜುಗರವಿಲ್ಲದೆ ಕಲಿಸಿದ್ದರು. ಶುದ್ಧಿಗೆ ಅಡ್ಡಬಾರದ ಶರಮ್ ಆರೋಗ್ಯಕ್ಕೆ ಅಡ್ಡಬರುವುದು ನಮಗೆ ಅರ್ಥವಾಗಿಲ್ಲ. ಗಂಟು ಕಂಡವರು ಹರ್ನಿಯಾ ಎಂದುಕೊಳ್ಳುತ್ತಾರೆ, ಕ್ರಿಕೆಟ್ ಚೆಂಡಿನ ಪೆಟ್ಟು ಎಂದುಕೊಳ್ಳುತ್ತಾರೆ. ಈ ಗೆಡ್ಡೆಯೋ ಕೆಲವೇ ವಾರಗಳಲ್ಲಿ ಇಮ್ಮಡಿಯಾಗಬಲ್ಲದು.

ಸಾಗರ ತಾಲೂಕಿನ ಆನಂದಪುರದ ಬಳಿ ನರಸೀಪುರ ಇದೆ. ನಾಟಿವೈದ್ಯ ನಾರಾಯಣಮೂರ್ತಿ ಅವರು 2020ರಲ್ಲಿ ತೀರಿಕೊಳ್ಳುವವರೆಗೂ ಕ್ಯಾನ್ಸರಿಗೆ ಮದ್ದು ಕೇಳಿಕೊಂಡು ದೇಶದ ನಾನಾ ಕಡೆಯ ಜನ ಅಲ್ಲಿ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ಕಂಡು ನಗುವ ಮನಸ್ಸು ನಮಗಿಲ್ಲ. ಎಲ್ಲೂ ಒಂದು ಒಳ್ಳೆಯ ಮಾತು ಕೇಳದವರು ಅದನ್ನು ಹುಡುಕಿಕೊಂಡು ಬಂದಿದ್ದರು. ಆದರೆ ಈ ಒಂದು ಕಾಯಿಲೆಯವನು ಮೊದಲು ಹತ್ತಬೇಕಾದದ್ದು ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವ, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗುವ ಬಸ್ಸು, ಇಲ್ಲವೇ ಸಾಗರದಿಂದ ಬೆಂಗಳೂರಿನ ರಾತ್ರಿ ರೈಲು. ಅಲ್ಲಿ ಸ್ಕ್ಯಾನು, ರಕ್ತ ಪರೀಕ್ಷೆ. ಅನುಮಾನ ಬಲವಾದರೆ ತೊಡೆಸಂದಿಯ ಮೂಲಕ ಆ ಒಂದು ವೃಷಣವನ್ನು ತೆಗೆಯುತ್ತಾರೆ. ಉಳಿದ ಒಂದು ಸಾಮಾನ್ಯವಾಗಿ ಸಂಸಾರಕ್ಕೂ ಸಂತಾನಕ್ಕೂ ಸಾಕು. ಕೀಮೋ ಬೇಕಾದರೆ ಮೊದಲೇ ವೀರ್ಯವನ್ನು ಕಾದಿರಿಸುವ ಅನುಕೂಲವೂ ಇದೆ. 2018ರಿಂದ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತಿದೆ.

ಕಿದ್ವಾಯಿಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಆದರೆ ಅದು ಬೆಂಗಳೂರಿನ ನಿವಾಸಿಗಳ ಲೆಕ್ಕ. ನಮ್ಮ ಮೂರು ತಾಲೂಕುಗಳ ಲೆಕ್ಕ ಜನರ ಬಾಯಲ್ಲಿದೆ, ಆ ಲೆಕ್ಕ ಓರೆಯಾಗಿದೆ. ಸತ್ತವನ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ, ಬದುಕಿದವನದು ಗೊತ್ತಾಗುವುದಿಲ್ಲ.

ಹೊಸನಗರ ಕಡೆಯ ನಮ್ಮ ನೆಂಟರ ಹುಡುಗನೊಬ್ಬ ನಿಕಾಹ್ ಗೊತ್ತಾಗಿದ್ದರಿಂದ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಕೆಮ್ಮು ನಿಲ್ಲದಿದ್ದಾಗ ಎಕ್ಸ್‌ರೇ ತೆಗೆಸಿದರು, ಶ್ವಾಸಕೋಶದಲ್ಲಿ ಗಂಟುಗಳಿದ್ದವು. ಆಪರೇಷನ್, ನಾಲ್ಕು ಸುತ್ತು ಕೀಮೋ. ತಲೆಗೂದಲೆಲ್ಲ ಉದುರಿ ಮತ್ತೆ ಬಂತು. ನಿಕಾಹ್ ಒಂದು ವರ್ಷ ಮುಂದೆ ಹೋಯಿತು. ಈಗ ಅವನಿಗೆ ಇಬ್ಬರು ಮಕ್ಕಳು. ಅವನ ವಿಷಯ ಬರೆಯಬಹುದೇ ಎಂದು ಕೇಳಿದೆವು. ‘ಬರೀರಿ ಭಾಯಿಜಾನ್, ಹೆಸರು ಮಾತ್ರ ಬೇಡ’ ಎಂದ. ಅತ್ತೆಮನೆಯವರಿಗೆ ಅದು ಇಂದಿಗೂ ಹರ್ನಿಯಾ ಆಪರೇಷನ್.