ಮುಂಗಡ ಕೊಟ್ಟ ಮಾತ್ರಕ್ಕೆ ಆಳು ನಮ್ಮದಾಗ್ತದಾ? ನೂರೈವತ್ತು ವರ್ಷದ ಹಳೇ ಲೆಕ್ಕ

ಕಾಫಿ ಹಣ್ಣು ಕೆಂಪಾಗೋ ಹೊತ್ತಿಗೆ ನಮ್ಮ ಕಡೆ ಪ್ರತಿ ವರ್ಷ ಒಂದೇ ಮಾತು. ಮೇಸ್ತ್ರಿ ಕೈಗೆ ಮುಂಗಡ ಕೊಟ್ಟೆ, ಎಂಟು ಜನ ಬರ್ತೀವಿ ಅಂದರು, ನಾಲ್ಕೇ ಜನ ಬಂದರು, ಅವರೂ ಹದಿನೈದು ದಿನಕ್ಕೆ ರಾತ್ರೋರಾತ್ರಿ ಗಂಟು ಕಟ್ಟಿದರು. ಪೊಲೀಸರ ಹತ್ತಿರ ಹೋದರೆ ‘ಇದು ಸಿವಿಲ್ ವಿಚಾರ’ ಅಂತ ವಾಪಸ್ ಕಳಿಸ್ತಾರೆ. ಹಾಗಾಗಿ ಈ ಸಲ ಬಂದವರ ಆಧಾರ್ ಕಾರ್ಡ್ ಇಸ್ಕೊಂಡು ಬೀರುವಿನಲ್ಲಿ ಇಟ್ಟುಬಿಡೋಣ, ಓಡಿಹೋದವರನ್ನು ಹಿಡಿದು ತರೋ ಕಾನೂನು ಒಂದು ಬೇಕು ಅಂತ ನಮ್ಮವರೇ ಕೆಲವರು ಹೇಳ್ತಿದ್ದಾರೆ.

ಸ್ನೇಹಿತರೇ, ಅಂಥ ಕಾನೂನು ಹಿಂದೆ ಇತ್ತು. 66 ವರ್ಷ ನಡೆಯಿತು. ಅದನ್ನು ಯಾರು ತಂದರು, ಹೇಗೆ ನಡೆಯಿತು, ಯಾಕೆ ತೆಗೆದರು ಅನ್ನೋದು ಗೊತ್ತಿದ್ದರೆ ಈ ವರ್ಷದ ನಮ್ಮ ಮಾತುಕತೆ ಬೇರೆ ಥರ ಇರ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತಿದ್ದೇನೆ.

ಮೊದಲು ‘ಜೀತ’ ಅನ್ನೋ ಪದ ನೋಡಿ. ಈಗ ಅದನ್ನು ಕೇಳಿದರೆ ಗುಲಾಮಗಿರಿ ನೆನಪಾಗ್ತದೆ. ಆದರೆ ಹಳಗನ್ನಡದಲ್ಲಿ ಅದಕ್ಕೆ ಸಂಬಳ ಅಂತ ಅರ್ಥ. ‘ಜೀವಿತ’ ಅನ್ನೋದೇ ಸವೆದು ಜೀತ ಆಗಿದ್ದು. ದುಡಿದವನ ಜೀವನಕ್ಕೆ ಕೊಡೋದು ಜೀತ. ಸಂಬಳ ಅನ್ನೋ ಅರ್ಥದ ಪದ ಸೆರೆ ಅನ್ನೋ ಅರ್ಥಕ್ಕೆ ಬಂತು ಅಂದರೆ ನಡುವೆ ಏನೋ ಸೇರಿಕೊಂಡಿದೆ. ಸೇರಿಕೊಂಡಿದ್ದು ಸಾಲ. ಕೆಲಸ ಮಾಡಿದ ಮೇಲೆ ಕೊಡಬೇಕಾದ ದುಡ್ಡನ್ನು ಕೆಲಸಕ್ಕೆ ಮೊದಲೇ ಕೊಟ್ಟಾಗ ಅದು ಸಂಬಳ ಅಲ್ಲ, ಸಾಲ. ಸಂಬಳ ಪಡೆದವನು ಸಂಜೆ ಮನೆಗೆ ಹೋಗ್ತಾನೆ. ಸಾಲ ಪಡೆದವನು ತೀರೋವರೆಗೂ ಹೋಗೋಹಾಗಿಲ್ಲ. ಈ ಇಡೀ ಕಥೆ ನಿಂತಿರೋದು ಅದರ ಮೇಲೆಯೇ.

ಈಗ 1859ಕ್ಕೆ ಬನ್ನಿ. ಸಿಪಾಯಿ ದಂಗೆ ಆಗಿ ಎರಡು ವರ್ಷ. ಆ ವರ್ಷದ 13ನೇ ಕಾಯ್ದೆ ಬಂತು. ಕೆಲಸಗಾರರು ಕರಾರು ಮುರಿದರೆ ಶಿಕ್ಷೆ ಕೊಡೋದೇ ಅದರ ಉದ್ದೇಶ. ಮೊದಲು ಕಲ್ಕತ್ತ, ಮದ್ರಾಸು, ಬೊಂಬಾಯಿ ಪಟ್ಟಣಗಳಿಗೆ ಮಾತ್ರ ಇತ್ತು. ಕಲ್ಕತ್ತದ ಯುರೋಪಿಯನ್ ವ್ಯಾಪಾರಸ್ಥರು, ಮುಂಗಡ ತಗೊಂಡ ಕುಶಲಕರ್ಮಿಗಳು ಕೆಲಸ ಮುಗಿಸಲ್ಲ ಅಂತ ಅರ್ಜಿ ಹಾಕಿದ್ದರು. ಆಮೇಲೆ ಬೇರೆ ಬೇರೆ ಕಡೆಗೆ ವಿಸ್ತರಿಸ್ತಾ ಹೋದರು. ಪ್ಲಾಂಟರುಗಳಿಗೆ ಅದು ದೊಡ್ಡ ಆಯುಧ ಆಯಿತು.

ಆ ಕಾಯ್ದೆ ನಡೀತಿದ್ದ ರೀತಿ ಹೀಗೆ. ಒಬ್ಬ ಕೆಲಸಗಾರ ಮುಂಗಡ ತಗೊಂಡಿದ್ದಾನೆ, ಸರಿಯಾದ ಕಾರಣ ಇಲ್ಲದೆ ಕೆಲಸಕ್ಕೆ ಬಂದಿಲ್ಲ ಅಂತ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಮ್ಯಾಜಿಸ್ಟ್ರೇಟರು ಸಮನ್ಸ್ ಅಥವಾ ವಾರಂಟ್ ಹೊರಡಿಸ್ತಾರೆ. ಸಾಬೀತಾದರೆ ಎರಡು ದಾರಿ: ಮುಂಗಡ ವಾಪಸ್ ಕೊಡು, ಇಲ್ಲಾ ಹೋಗಿ ಕೆಲಸ ಮಾಡು. ಎರಡರಲ್ಲಿ ಯಾವುದು ಅಂತ ಆರಿಸೋ ಹಕ್ಕು ದೂರು ಕೊಟ್ಟ ಮಾಲೀಕನದು. ಕೆಲಸಗಾರನದ್ದೂ ಅಲ್ಲ, ಮ್ಯಾಜಿಸ್ಟ್ರೇಟರದ್ದೂ ಅಲ್ಲ. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ.

ಮಾಲೀಕ ಸಂಬಳ ಕೊಡದೇ ಹೋದರೆ? ಅವನಿಗೆ ಈ ಕಾಯ್ದೆಯಲ್ಲಿ ಜೈಲಿಲ್ಲ. ಕೂಲಿಯವನು ಸಿವಿಲ್ ಕೋರ್ಟಿಗೆ ಅಲೆಯಬೇಕು. ಒಂದೇ ಕರಾರು, ಎರಡು ಕೈ ಸೇರಿ ಮಾಡಿದ್ದು. ಒಂದು ಕೈ ಮುರಿದರೆ ಅಪರಾಧ, ಇನ್ನೊಂದು ಕೈ ಮುರಿದರೆ ಬರೀ ಬಾಕಿ.

ಈ ಕಾಯ್ದೆಯ ತಾಯಿಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ 1348ರಲ್ಲಿ ಪ್ಲೇಗ್ ಮಾರಿ ಬಂದು ಅಪಾರ ಜನ ಸತ್ತರು. ಆಳು ಸಿಗದೆ ಕೂಲಿ ಏರಿತು. ಕೂಲಿ ಜಾಸ್ತಿ ಕೇಳಬಾರದು, ಒಪ್ಪಿದ ಕೆಲಸ ಬಿಟ್ಟು ಹೋಗಬಾರದು ಅಂತ 1351ರಲ್ಲಿ ಕಾಯ್ದೆ ಮಾಡಿದರು. ಆಳಿನ ಕೊರತೆ ಬಂದಾಗ ಜಮೀನಿನವರಿಗೆ ಮೊದಲು ಹೊಳೆಯೋದು ಇದೇ, ಆಗಲೂ ಈಗಲೂ. ಆ ದಾರಿಯಲ್ಲೇ ‘ಯಜಮಾನ ಮತ್ತು ಸೇವಕ’ ಅನ್ನೋ ಹೆಸರಿನ ಕಾಯ್ದೆಗಳು ಬಂದವು. ಕೆಲಸ ಬಿಟ್ಟವನನ್ನು ಜೈಲಿಗೆ ಹಾಕೋದು ಅಲ್ಲಿ 1875ರಲ್ಲಿ ನಿಂತಿತು. ಹೆಸರನ್ನೂ ಬದಲಾಯಿಸಿ ‘ಉದ್ಯೋಗದಾತ ಮತ್ತು ಕೆಲಸಗಾರ’ ಅಂತ ಮಾಡಿದರು. ತಮ್ಮ ದೇಶದ ಕೆಲಸಗಾರರಿಗೆ 1875ರಲ್ಲಿ ಬಿಟ್ಟುಕೊಟ್ಟಿದ್ದನ್ನು ಇಲ್ಲಿನವರಿಗೆ ಬಿಟ್ಟುಕೊಡೋಕೆ ಇನ್ನೂ 50 ವರ್ಷ ತಗೊಂಡರು.

ನಮ್ಮ ಮಲೆನಾಡಿನ ಕಡೆ ಬರೋಣ. ಚಿಕ್ಕಮಗಳೂರು, ಮಂಜರಾಬಾದ್ ಕಡೆ ಬಿಳಿಯರು ತೋಟ ಹಾಕೋಕೆ ಶುರು ಮಾಡಿದ್ದು 1830–40ರ ದಶಕಗಳಲ್ಲಿ. ಕೊಡಗಿನಲ್ಲಿ ಫೌಲರ್ ಅನ್ನೋ ಪ್ಲಾಂಟರ್ 1854ರಲ್ಲಿ ಮಡಿಕೇರಿ ಹತ್ತಿರ ಮೊದಲ ಯುರೋಪಿಯನ್ ತೋಟ ಎಬ್ಬಿಸಿದ. ಕಾಡು ಕಡಿಯೋಕೆ, ಗುಂಡಿ ತೆಗೆಯೋಕೆ, ಹಣ್ಣು ಕೊಯ್ಯೋಕೆ ಇಲ್ಲಿನ ಜನ ಸಾಲದು. ಘಟ್ಟದ ಕೆಳಗಿಂದ, ಮೈಸೂರು ಬಯಲಿನಿಂದ, ತಮಿಳು ಸೀಮೆಯಿಂದ ಕರೆಸಬೇಕು. ದೊರೆಗೆ ಭಾಷೆ ಬರಲ್ಲ, ಊರು ಗೊತ್ತಿಲ್ಲ. ಅದಕ್ಕೇ ನಡುವೆ ಮೇಸ್ತ್ರಿ ಹುಟ್ಟಿಕೊಂಡ.

ಮೇಸ್ತ್ರಿಗೆ ದೊರೆ ಮುಂಗಡ ಕೊಡ್ತಾನೆ. ಮೇಸ್ತ್ರಿ ಊರಿಗೆ ಹೋಗಿ ಮದುವೆ, ಸಾವು, ಹಳೇ ಸಾಲ ಅಂತ ಕಷ್ಟದಲ್ಲಿರೋ ಮನೆಗಳಿಗೆ ಅದನ್ನು ಹಂಚಿ ಜನ ಕಟ್ಟಿಕೊಂಡು ಬರ್ತಾನೆ. ಗುಂಪಿನ ಕೂಲಿ ಮೇಲೆ ಅವನಿಗೆ ಕಮಿಷನ್. ಲೆಕ್ಕ ಬರೆಯೋದು ರೈಟರ್. ಹೆಬ್ಬೆಟ್ಟು ಒತ್ತಿದವನಿಗೆ ಪುಸ್ತಕದಲ್ಲಿ ಏನಿದೆ ಅಂತ ಗೊತ್ತಾಗೋ ದಾರಿ ಇಲ್ಲ. ಜ್ವರ ಬಂದು ಮಲಗಿದ ದಿನ ಕೂಲಿ ಇಲ್ಲ, ಊಟದ ಖರ್ಚು ಮಾತ್ರ ಉಂಟು. ಹೀಗಾದರೆ ವರ್ಷದ ಕೊನೆಗೆ ಬಾಕಿ ಉಳಿಯದೇ ಇನ್ನೇನು? ಬಾಕಿ ಉಳಿದರೆ ಮುಂದಿನ ವರ್ಷವೂ ಬರಬೇಕು. ಬರದಿದ್ದರೆ 1859ರ ಕಾಯ್ದೆ ಇದ್ದೇ ಇದೆ. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಘಟ್ಟ ಹತ್ತೋದು ಕಾಫಿ ತೋಟದ ಸಾಲ ತೀರಿಸೋಕೆ. ಓದಿದವರಿಗೆ ಗೊತ್ತು, ಆ ಸಾಲ ತೀರೋಕಿಂತ ಮೊದಲು ಏನೇನು ತೀರಿಹೋಯಿತು ಅಂತ.

ಕಾಯ್ದೆಗೆ 1920ರಲ್ಲಿ ಸ್ವಲ್ಪ ಲಗಾಮು ಹಾಕಿದರು. ಮುಂಗಡ 300 ರೂಪಾಯಿ ಮೀರಿದ ಕರಾರಿಗೆ ಅನ್ವಯಿಸಲ್ಲ ಅಂದರು, ಮ್ಯಾಜಿಸ್ಟ್ರೇಟರಿಗೆ ವಿವೇಚನೆ ಕೊಟ್ಟರು. 1925ರಲ್ಲಿ ಇಡೀ ಕಾಯ್ದೆಯನ್ನೇ ರದ್ದು ಮಾಡಿದರು. ಕೊಡಗಿನ ಪ್ಲಾಂಟರುಗಳಿಗೆ ಅದೂ ಸಹಿಸಲಿಲ್ಲ. 1926ರಲ್ಲಿ ಕೊಡಗಿಗೇ ಬೇರೆ ಕಾರ್ಮಿಕ ಕಾಯ್ದೆ ಮಾಡಿಸಿಕೊಂಡು ಶಿಕ್ಷೆಯನ್ನು ಇನ್ನೂ ಕೆಲವು ವರ್ಷ ಎಳೆದರು. ಆಮೇಲೆ ಅದೂ ಹೋಯಿತು.

ಈ 66 ವರ್ಷದಲ್ಲಿ ಆಳಿನ ಕೊರತೆ ನೀಗಿತಾ? ಇಲ್ಲ. ನನಗೆ ಅನ್ನಿಸೋದು ಏನಂದರೆ, ಹಿಡಿದು ತರೋ ಕಾನೂನು ಇದ್ದಾಗ ಕೂಲಿ ಜಾಸ್ತಿ ಮಾಡಬೇಕು, ಒಳ್ಳೇ ಲೈನ್ ಮನೆ ಕಟ್ಟಬೇಕು ಅಂತ ಯಾರಿಗೂ ಅವಸರ ಇರಲ್ಲ. ಆಳು ಯಾಕೆ ಓಡಿಹೋದ ಅಂತ ಯಾರೂ ಕೇಳಲ್ಲ, ಎಲ್ಲಿಗೆ ಓಡಿದ ಅಂತಷ್ಟೇ ಕೇಳ್ತಾರೆ.

ಬಿಳಿಯರ ತೋಟದಲ್ಲಿ ಕಾಗದ, ಮ್ಯಾಜಿಸ್ಟ್ರೇಟ್ ಇದ್ದರೆ ನಮ್ಮ ಹಳ್ಳಿಗಳಲ್ಲಿ ಬರೀ ಮಾತು ಸಾಕಾಗಿತ್ತು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಅಪ್ಪ ತಗೊಂಡ ಸಾಲಕ್ಕೆ ಮಗ ದನ ಕಾಯಬೇಕು. ಇಟ್ಟುಕೊಂಡವರು ಯಾವ ಜಾತಿ, ಇದ್ದವರು ಯಾವ ಜಾತಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂವಿಧಾನದ 23ನೇ ವಿಧಿ 1950ರಲ್ಲೇ ಬಿಟ್ಟಿ, ಬಲವಂತದ ದುಡಿಮೆ ಕೂಡದು ಅಂದಿತ್ತು. ಆದರೆ ದೇಶಕ್ಕೆಲ್ಲ ಅನ್ವಯಿಸೋ ಜೀತ ನಿರ್ಮೂಲನ ಕಾನೂನು ಬಂದಿದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ. 1976ರಲ್ಲಿ ಅದೇ ಕಾಯ್ದೆ ಆಯಿತು. ಆಗ ನಮ್ಮಲ್ಲಿ ದೇವರಾಜ ಅರಸರು ಮುಖ್ಯಮಂತ್ರಿ. ಉಳುವವನಿಗೆ ಭೂಮಿ, ಸಾಲ ಪರಿಹಾರ, ಜೀತ ವಿಮುಕ್ತಿ ಎಲ್ಲ ಒಂದರ ಹಿಂದೆ ಒಂದು ಬಂದ ಕಾಲ ಅದು.

ಆ ಕಾಯ್ದೆಯಲ್ಲಿ ನಾವು ಗಮನಿಸಬೇಕಾದ್ದು ನಾಲ್ಕು ಸಂಗತಿ. ಜೀತದ ಸಾಲ ಅಲ್ಲಿಗೇ ತೀರಿತು, ವಾಪಸ್ ಕೇಳೋಹಾಗಿಲ್ಲ. ಬರೆದ ಕರಾರೇ ಇರಲಿ, ಊರ ಪದ್ಧತಿಯೇ ಇರಲಿ, ಜೀತಕ್ಕೆ ಸಂಬಂಧಪಟ್ಟಿದ್ದು ಎಲ್ಲ ಅಸಿಂಧು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದು, ದುಡಿದವನದಲ್ಲ. ಜೀತ ಮಾಡಿಸಿದರೆ ಮೂರು ವರ್ಷದವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ. 1859ರಲ್ಲಿ ಮುಂಗಡ ಪಡೆದವನಿಗೆ ಜೈಲು ಇತ್ತು. 1976ಕ್ಕೆ ಮುಂಗಡ ಕೊಟ್ಟು ಕಟ್ಟಿಹಾಕಿದವನಿಗೆ ಜೈಲು ಬಂತು. ತಕ್ಕಡಿ ಪೂರ್ತಿ ತಿರುಗಿತು.

ಜೀತ ಅಂದರೆ ಸರಪಳಿ ಹಾಕಿರಬೇಕು ಅಂತ ಏನಿಲ್ಲ. ಮುಂಗಡದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಹೋದರೆ, ಓಡಾಡೋ ಸ್ವಾತಂತ್ರ್ಯ ಹೋದರೆ, ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾಗಿ ಬಂದರೆ, ಯಾವುದಾದರೂ ಒಂದು ಸಾಕು. ಈಗ ಆಧಾರ್ ಕಾರ್ಡ್ ಬೀರುವಿನಲ್ಲಿ ಇಡೋ ಯೋಚನೆಯನ್ನು ಇದರ ಪಕ್ಕ ಇಟ್ಟು ನೋಡಿ. ಮುಂಗಡ ತೀರೋವರೆಗೆ ಹೋಗಬಾರದು ಅಂತಲೇ ತಾನೇ ಅದನ್ನು ಇಸ್ಕೊಳ್ಳೋದು? ಐವತ್ತು ಸಾವಿರ ಉಳಿಸೋಕೆ ಹೋಗಿ ಕೇಸಿನಲ್ಲಿ ಸಿಕ್ಕಿಕೊಳ್ಳೋ ದಾರಿ ಅದು.

ಕನಿಷ್ಠ ಕೂಲಿಯ ಕಥೆಯನ್ನೂ ಎರಡು ಮಾತಿನಲ್ಲಿ ಹೇಳ್ತೇನೆ. ಆ ಮಸೂದೆಯನ್ನು 1946ರಲ್ಲಿ ಮಂಡಿಸಿದ್ದು ಡಾ. ಅಂಬೇಡ್ಕರ್, ಆಗ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದರು. 1948ರಲ್ಲಿ ಕಾಯ್ದೆ ಆಯಿತು, ಬೇಸಾಯದ ಕೂಲಿಯನ್ನೂ ಅದರಲ್ಲಿ ಸೇರಿಸಿದ್ದರು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. ದಿನಕ್ಕೆ 9.25 ರೂಪಾಯಿ ಕನಿಷ್ಠ ಕೂಲಿ, ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರ ಕಮಿಷನ್ ಅಂತ ಹಿಡಿದುಕೊಳ್ತಿದ್ದ. ಕೆಲಸಗಾರ ಒಪ್ಪಿಕೊಂಡೇ ಬಂದಿದ್ದಾನಲ್ಲ ಅನ್ನೋ ವಾದಕ್ಕೆ ಕೋರ್ಟು ಒಪ್ಪಲಿಲ್ಲ. ಹಸಿವು ತಳ್ಳಿದ್ದರಿಂದ ಒಪ್ಪಿದ್ದು, ಅದೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ತೀರ್ಪು ಕೊಟ್ಟಿತು. ಮೇಸ್ತ್ರಿ ಕೈಗೇ ಪೂರ್ತಿ ಕೂಲಿ ಕೊಟ್ಟು ಕೈ ತೊಳೆದುಕೊಳ್ಳೋ ನಾವೆಲ್ಲ ಈ ತೀರ್ಪನ್ನು ನೆನಪಿಡಬೇಕು. ಈಗ 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳು ನಾಲ್ಕು ಸಂಹಿತೆಗಳಲ್ಲಿ ಸೇರಿವೆ, ಕನಿಷ್ಠ ಕೂಲಿ ವೇತನ ಸಂಹಿತೆಯೊಳಗೆ ಬಂದಿದೆ. ಜೀತ ನಿರ್ಮೂಲನ ಕಾಯ್ದೆ ಮಾತ್ರ ಬೇರೆಯಾಗಿ ಹಾಗೇ ನಿಂತಿದೆ.

ಹಾಗಾದರೆ ನಮ್ಮ ದುಡ್ಡಿಗೆ ಗತಿ ಏನು ಅಂತೀರಾ? ಪೊಲೀಸರು ಹೇಳೋದು ಸರಿಯೇ, ಬರೀ ಕರಾರು ಮುರಿದಿದ್ದು ಸಿವಿಲ್ ವಿಚಾರ. 1872ರ ಕರಾರು ಕಾಯ್ದೆ ಪ್ರಕಾರ ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ. ಮುಂಗಡ ವಾಪಸ್ ಕೇಳಿ ದಾವೆ ಹಾಕಬಹುದು. ಆದರೆ ‘ಬಂದು ಕೆಲಸ ಮಾಡು’ ಅಂತ ಯಾವ ಕೋರ್ಟೂ ಆಳಿಗೆ ಆಜ್ಞೆ ಮಾಡಲ್ಲ. ದುಡ್ಡಿನ ಮೇಲೆ ಹಕ್ಕುಂಟು, ಮನುಷ್ಯನ ಮೇಲೆ ಇಲ್ಲ. ಎಂಟು ಸಾವಿರಕ್ಕೆ ದಾವೆ ಹಾಕಿ ಯಾರೂ ಅಲೆಯೋದಿಲ್ಲ ಅಂತ ನನಗೂ ಗೊತ್ತು. ಅದಕ್ಕೇ ಕೊಡುವಾಗಲೇ ಬಿಗಿ ಇರಬೇಕು. ದೊಡ್ಡ ಮುಂಗಡದ ಬದಲು ಸಣ್ಣ ಮುಂಗಡ, ವಾರಕ್ಕೊಮ್ಮೆ ಬಟವಾಡೆ. ಕೂಲಿ ದಿನಕ್ಕೆಷ್ಟು, ಕೊಯ್ಲಿಗೆ ಕೆಜಿಗೆಷ್ಟು, ಮುಂಗಡಕ್ಕೆ ವಾರಕ್ಕೆಷ್ಟು ಹಿಡಿಯೋದು ಅಂತ ಒಂದು ಹಾಳೆಯಲ್ಲಿ ಬರೆದು, ಅವರಿಗೆ ಗೊತ್ತಿರೋ ಭಾಷೆಯಲ್ಲಿ ಓದಿಸಿ, ಒಂದು ಪ್ರತಿ ಅವರ ಕೈಗೂ ಕೊಡಿ. ಕೆಲಸಕ್ಕೆ ಕರೆಸಿಕೊಳ್ಳೋಕೆ ಕೊಟ್ಟ ಬಸ್ಸು, ರೈಲು ಚಾರ್ಜನ್ನು ಮುಂಗಡ ಅಂತ ಕೂಲಿಯಲ್ಲಿ ಮುರಿಯಬಾರದು ಅನ್ನೋದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. ಆ ಖರ್ಚು ನಮ್ಮದು ಅಂತಲೇ ಲೆಕ್ಕ ಹಾಕಿ.

ಇನ್ನೊಂದು ಮಾತು. ನಮ್ಮಲ್ಲೇ ಕೆಲವರು ಕೋಳಿ ಕಂಪನಿಗಳಿಗೆ ಶೆಡ್ ಹಾಕಿಕೊಟ್ಟಿದ್ದೀರಿ. ಮರಿ ಅವರದು, ಫೀಡು ಅವರದು, ರೇಟು ಅವರದು, ಶೆಡ್ಡಿನ ಬ್ಯಾಂಕ್ ಸಾಲ ಮಾತ್ರ ನಿಮ್ಮದು. ಇಂಗ್ಲಿಷಿನಲ್ಲಿರೋ ಕರಾರಿಗೆ ಓದದೇ ಸಹಿ ಹಾಕಿ, ಪ್ರತಿಯೂ ಸಿಗದೆ ಬಂದವರು ಎಷ್ಟು ಜನ ಇದ್ದೀರಿ? ಆ ಹಾಳೆಯ ಮುಂದೆ ನಾವು ನಿಂತಿರೋ ಜಾಗವೂ, ಹೆಬ್ಬೆಟ್ಟು ಒತ್ತಿ ಘಟ್ಟ ಹತ್ತಿದವರು ರೈಟರ್ ಮೇಜಿನ ಮುಂದೆ ನಿಂತಿದ್ದ ಜಾಗವೂ ಬಹಳ ದೂರ ಇಲ್ಲ. ನಮಗೆ ಕಂಪನಿಯಿಂದ ಏನು ಬೇಕು ಅಂತ ಕೇಳ್ತೀವೋ, ಅಂದರೆ ನಮ್ಮ ಭಾಷೆಯ ಕರಾರು, ಒಂದು ಪ್ರತಿ, ನೆಟ್ಟಗಿನ ಲೆಕ್ಕ, ಬೇಡ ಅಂದಾಗ ಬಿಟ್ಟು ಹೋಗೋ ದಾರಿ, ಅಷ್ಟನ್ನೇ ನಮ್ಮ ತೋಟಕ್ಕೆ ಬರೋರಿಗೂ ಕೊಡೋಣ.

ನಿಮ್ಮ ಅಟ್ಟದಲ್ಲಿ ಹಳೇ ತೋಟದ ಚೆಕ್‌ರೋಲ್, ಮುಂಗಡದ ಪುಸ್ತಕ ಏನಾದರೂ ಇದ್ದರೆ ಗೆದ್ದಲು ಹತ್ತೋ ಮೊದಲು ಇಳಿಸಿ, ಹೆಸರು ಮುಚ್ಚಿ ಫೋಟೋ ಕಳಿಸಿ. ಅದರ ಮೇಲೆ ಇನ್ನೊಮ್ಮೆ ಬರೀತೇನೆ.